ಚಿತ್ರದ ಕೆಳಗಿನ ಹೆಸರು

ಸೇಡಂ ಕಡೆಯ ಮೂರು ವರ್ಷದ ಮಗುವಿನ ಮುಂದೆ ಪ್ರಾಣಿಗಳ ಚಿತ್ರಪುಸ್ತಕ ತೆರೆದು, ಉದ್ದ ಕಿವಿಯ ಬೂದು ಬಣ್ಣದ ಪ್ರಾಣಿಯ ಮೇಲೆ ಬೆರಳಿಟ್ಟು ‘ಇದೇನು?’ ಎಂದು ಕೇಳಿದರೆ ಅದು ‘ಕತ್ತಿ’ ಎನ್ನುತ್ತದೆ. ಚಿತ್ರದ ಕೆಳಗೆ ‘ಕತ್ತೆ’ ಎಂದು ಅಚ್ಚಾಗಿರುತ್ತದೆ. ಬೆಂಗಳೂರು, ಮೈಸೂರುಗಳ ಕಿವಿಗೆ ಕತ್ತಿಯೆಂದರೆ ಹರಿತವಾದ ಆಯುಧ. ಕಲಬುರಗಿ ಸೀಮೆಯ ಕಿವಿಗೆ ಅದು ಅಗಸರ ಓಣಿಯಲ್ಲಿ ನಿಂತಿರುವ ಬಡಪಾಯಿ ಪ್ರಾಣಿ. ಪದದ ಕೊನೆಯ ಎಕಾರವನ್ನು ಇಕಾರವಾಗಿಸುವುದು ಉತ್ತರದ ಕನ್ನಡದ ಹಳೆಯ ಅಭ್ಯಾಸ. ಎಮ್ಮಿ, ಕಪ್ಪಿ, ಆನಿ, ಕುದರಿ ಎಲ್ಲವೂ ಆ ಸಾಲಿಗೇ ಸೇರಿದವು. ಮಗು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಪುಸ್ತಕ ಹಿಡಿದ ದೊಡ್ಡವರು ಸಾಮಾನ್ಯವಾಗಿ ‘ಕತ್ತಿ ಅಲ್ಲ, ಕತ್ತೆ ಅನ್ನು’ ಎಂದು ತಿದ್ದುತ್ತಾರೆ. ಎರಡು ಮೂರು ಸಲ ಹೀಗೆ ತಿದ್ದಿಸಿಕೊಂಡ ಮಗು ನಾಲ್ಕನೆಯ ಚಿತ್ರಕ್ಕೆ ಬಾಯಿ ತೆರೆಯುವುದಿಲ್ಲ.

ಸಣ್ಣ ಮಕ್ಕಳೊಡನೆ ಪ್ರಾಣಿಗಳ ಚಿತ್ರಪುಸ್ತಕ ನೋಡುವುದು ಪಟ್ಟಣದ ಇಂಗ್ಲಿಷ್ ಶಾಲೆಯವರ ಹೊಸ ಹುಚ್ಚು ಎಂದು ಹೇಳುವವರು ನಮ್ಮಲ್ಲಿ ಇದ್ದಾರೆ. ಪುಸ್ತಕ ಹೊಸದಿರಬಹುದು. ಪ್ರಾಣಿಯ ಚಿತ್ರ ತೋರಿಸಿ ಕಥೆ ಹೇಳುವ ಕೆಲಸ ಮಾತ್ರ ಈ ಭಾಗದಲ್ಲಿ ಕಾಗದಕ್ಕಿಂತ ಬಹಳ ಹಳೆಯದು. ಅದರ ಸಾಕ್ಷಿ ಚಿತ್ತಾಪುರ ತಾಲ್ಲೂಕಿನಲ್ಲಿಯೇ ಇದೆ.

ಭೀಮಾ ನದಿಯ ದಡದ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದ್ದು 1980ರ ದಶಕದಲ್ಲಿ. ಅಲ್ಲಿಗೆ ಸಮೀಪದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಲ್ಲಿ ಅಗೆತ ಆರಂಭಿಸಿದಾಗ ಶಾತವಾಹನರ ಕಾಲದ ಒಂದು ದೊಡ್ಡ ಬೌದ್ಧ ಸ್ತೂಪದ ಅವಶೇಷಗಳು ಹೊರಬಂದವು. ಅಲ್ಲಿನ ಶಾಸನಗಳು ಅದನ್ನು ‘ಅಧೋಲೋಕ ಮಹಾಚೈತ್ಯ’ ಎಂದು ಕರೆಯುತ್ತವೆ. ಸ್ತೂಪದ ಸುತ್ತ ಹೊದಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳ ಮೇಲೆ ಬುದ್ಧನ ಬದುಕಿನ ಪ್ರಸಂಗಗಳಿವೆ, ರಾಜರ ಚಿತ್ರಗಳಿವೆ, ಜಾತಕ ಕಥೆಗಳಿವೆ. ಜಾತಕವೆಂದರೆ ಬುದ್ಧನ ಹಿಂದಿನ ಜನ್ಮಗಳ ಕಥೆ. ಆ ಜನ್ಮಗಳಲ್ಲಿ ಅವನು ಎಷ್ಟೋ ಸಲ ಆನೆ, ಜಿಂಕೆ, ಕೋತಿ, ಹಂಸಗಳಾಗಿ ಹುಟ್ಟಿದ್ದನೆಂದು ಹೇಳಲಾಗಿದೆ.

ಕನಗನಹಳ್ಳಿಯ ವಿಶೇಷ ಇನ್ನೊಂದಿದೆ. ಅಲ್ಲಿನ ಅನೇಕ ಚಿತ್ರಗಳಿಗೆ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಒಂದೊಂದು ಸಣ್ಣ ಬರಹವಿದೆ. ಇದು ಇಂಥ ಕಥೆ, ಇವನು ಇಂಥ ರಾಜ ಎಂದು ಹೆಸರು ಹೇಳುವ ಬರಹ. ಸೇವಕಿಯರ ನಡುವೆ ನಿಂತ ಒಬ್ಬ ದೊರೆಯ ಚಿತ್ರದೊಂದಿಗೆ ‘ರಾಯ ಅಶೋಕ’ ಎಂದು ಬರೆದದ್ದರಿಂದಲೇ ಅದು ಅಶೋಕನದೆಂದು ನಮಗೆ ತಿಳಿದದ್ದು. ವಿದ್ವಾಂಸರು ಇವನ್ನು ಇತಿಹಾಸದ ಆಕರವಾಗಿ ಓದುತ್ತಾರೆ, ಸರಿಯೇ. ಆದರೆ ಅವನ್ನು ಮಾಡಿದವರು ಇತಿಹಾಸಕಾರರಿಗಾಗಿ ಮಾಡಿರಲಿಲ್ಲ. ಪ್ರದಕ್ಷಿಣೆ ಹಾಕುತ್ತ ಬರುವ ಜನರಲ್ಲಿ ಓದಬಲ್ಲವರು ಬೆರಳೆಣಿಕೆಯಷ್ಟಿದ್ದಿರಬೇಕು. ಒಬ್ಬ ಭಿಕ್ಷುವೋ ಹಿರಿಯಳೋ ಕಲ್ಲಿನತ್ತ ಕೈ ತೋರಿಸಿ ಕಥೆ ಹೇಳಬೇಕು, ಉಳಿದವರು ನೋಡುತ್ತ ಕೇಳಬೇಕು. ಸೊಂಟದ ಮೇಲಿನ ಕೂಸೂ ನೋಡುತ್ತಿತ್ತೆಂದು ಊಹಿಸುವುದಕ್ಕೆ ಪುರಾತತ್ತ್ವದ ಅಪ್ಪಣೆ ಬೇಕಾಗಿಲ್ಲ. ಚಿತ್ರ, ಚಿತ್ರಕ್ಕೊಂದು ಹೆಸರು, ತೋರಿಸಿ ಹೇಳುವ ಒಬ್ಬ ದೊಡ್ಡವರು ಎಂಬ ಮೂರೂ ಅಲ್ಲಿ ಇದ್ದವು. ಚಿತ್ರಪುಸ್ತಕಕ್ಕೆ ಇಂದಿಗೂ ಬೇಕಾಗಿರುವುದು ಇವೇ ಮೂರು.

ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಬರೋಣ. ಒಂಬತ್ತನೆಯ ಶತಮಾನದಲ್ಲಿ ಇದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ, ಕವಿರಾಜಮಾರ್ಗ ಎಂದೊಡನೆ ನಮ್ಮ ಭಾಷಣಗಳು ಒಂದೇ ಜಾಡು ಹಿಡಿಯುತ್ತವೆ. ಆ ಜಾಡು ಸವೆದು ಹೋಗಿದೆ. ಅದೇ ಆಸ್ಥಾನದ ಬೇರೆರಡು ಗ್ರಂಥಗಳು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ.

ಒಂದು, ಅಮೋಘವರ್ಷನ ಗುರು ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣ. ಅದರಲ್ಲಿ ಆದಿನಾಥನು ತನ್ನ ಇಬ್ಬರು ಹೆಣ್ಣುಮಕ್ಕಳಾದ ಬ್ರಾಹ್ಮಿ, ಸುಂದರಿಯರಿಗೆ ತಾನೇ ಅಕ್ಷರವನ್ನೂ ಅಂಕಿಯನ್ನೂ ಕಲಿಸುತ್ತಾನೆ. ಮುಂದೆ ಪಂಪನೂ ಈ ಪ್ರಸಂಗವನ್ನು ಕನ್ನಡಕ್ಕೆ ತಂದ. ತಂದೆಯೊಬ್ಬ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಬರೆದು ತೋರಿಸುವ ಈ ದೃಶ್ಯಕ್ಕೆ ಇಂದಿನ ಸೇಡಂನಲ್ಲಿ ಎಷ್ಟು ಮನೆಗಳು ಸಾಕ್ಷಿಯಾಗುತ್ತವೆ ಎಂಬುದು ಬೇರೆ ಮಾತು.

ಎರಡನೆಯದು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಸುಮಾರು ಕ್ರಿ.ಶ. 850ರದು. ಒಣ ಲೆಕ್ಕವನ್ನು ರುಚಿಯಾಗಿಸಲು ಇವನು ಪ್ರಾಣಿ ಪಕ್ಷಿಗಳನ್ನು ಧಾರಾಳವಾಗಿ ಕರೆತರುತ್ತಾನೆ. ಒಂಟೆಗಳ ಒಂದು ಲೆಕ್ಕ ಹೀಗಿದೆ: ಹಿಂಡಿನ ನಾಲ್ಕರಲ್ಲೊಂದು ಭಾಗ ಕಾಡಿನಲ್ಲಿದೆ, ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ಕಡೆ ಹೋಗಿದೆ, ಉಳಿದ 15 ಒಂಟೆಗಳು ಹೊಳೆಯ ದಡದಲ್ಲಿವೆ, ಒಟ್ಟು ಎಷ್ಟು? ಓದುಗರು ಪೆನ್ಸಿಲ್ ಹುಡುಕುವ ಮೊದಲೇ ಹೇಳಿಬಿಡುತ್ತೇನೆ: 36. ಕಾಡಿನಲ್ಲಿ 9, ಬೆಟ್ಟದಲ್ಲಿ 12, ಹೊಳೆಯ ಬಳಿ 15. ಒಂದನೆಯ ತರಗತಿಯ ಗೋಡೆಯ ಮೇಲೆ ‘ಒ’ ಅಕ್ಷರದ ಪಕ್ಕ ಬಂದು ನಿಂತಿರುವ ಒಂಟೆ ಈ ಸೀಮೆಗೆ ಮೊದಲ ಸಲ ಬಂದದ್ದಲ್ಲ.

ಮಾನ್ಯಖೇಟ ರಾಷ್ಟ್ರಕೂಟರಿಂದ ಚಾಲುಕ್ಯರ ಕೈಗೆ ಬಂದ ಮೇಲೆ, ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಪಿಂಗಳಕ ಎಂಬ ಸಿಂಹ, ಸಂಜೀವಕ ಎಂಬ ಎತ್ತು, ಅವೆರಡರ ಸ್ನೇಹ ಕೆಡಿಸುವ ನರಿ ನಮ್ಮ ಭಾಷೆಗೆ ಬಂದು ಸಾವಿರ ವರ್ಷವಾಗುತ್ತ ಬಂದಿದೆ. ಇದು ಎಳೆಯ ಮಕ್ಕಳ ಪುಸ್ತಕವಲ್ಲ, ರಾಜನೀತಿಯ ಪುಸ್ತಕ. ಅದರೊಳಗಿನ ಪ್ರಾಣಿಗಳು ಮಾತ್ರ ಒಂದೊಂದಾಗಿ ಜಾರಿ ಅಜ್ಜಿಯರ ಬಾಯಿಗೂ, ಬಹಳ ತಡವಾಗಿ ಶಾಲೆಯ ಪಠ್ಯಕ್ಕೂ ಸೇರಿಕೊಂಡವು.

ಮಕ್ಕಳಿಗೆಂದೇ ಚಿತ್ರ ಹಾಕಿ ಅಚ್ಚು ಮಾಡಿದ ಪುಸ್ತಕಗಳ ವಂಶದಲ್ಲಿ ಮೂಲಪುರುಷನ ಪಟ್ಟ ಸಾಮಾನ್ಯವಾಗಿ ಸಲ್ಲುವುದು ಮೊರಾವಿಯಾದ ಶಿಕ್ಷಣತಜ್ಞ ಕೊಮೇನಿಯಸ್‌ಗೆ. ಯುದ್ಧದಿಂದ ದೇಶ ಬಿಟ್ಟು ಅಲೆದ ಈ ಪಾದ್ರಿಯ ‘ಆರ್ಬಿಸ್ ಪಿಕ್ಟಸ್’ 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು. ಲ್ಯಾಟಿನ್, ಜರ್ಮನ್ ಎರಡೂ ಭಾಷೆಗಳು ಅದರಲ್ಲಿ ಅಕ್ಕಪಕ್ಕ. ಅಕ್ಷರಮಾಲೆಯನ್ನು ಅವನು ಪ್ರಾಣಿಗಳ ದನಿಯಿಂದ ಶುರುಮಾಡುತ್ತಾನೆ: ಮೊದಲ ಅಕ್ಷರಕ್ಕೆ ಕಾಗೆಯ ಕೂಗು, ಆಮೇಲೆ ಕುರಿಮರಿಯ ಕೂಗು, ಹೀಗೆ. ಮಗು ಮೊದಲು ಕೇಳಿದ್ದನ್ನು ನೋಡಲಿ, ನೋಡಿದ್ದನ್ನು ಆಮೇಲೆ ಓದಲಿ ಎಂಬುದು ಅವನ ಲೆಕ್ಕ. ನಮ್ಮ ಗೋಡೆಪಟದ ಆನೆ, ಇಲಿ, ಉಡ, ಏಡಿ, ಓತಿಗಳನ್ನು ಅವನ ಮರಿಮಕ್ಕಳೆಂದು ಕರೆದರೆ ತಪ್ಪಾಗದು.

ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವ ಕೆಲಸ ಬಲವಾದದ್ದು ಮಂಗಳೂರು ಮತ್ತು ಮೈಸೂರುಗಳಲ್ಲಿ. ಪಂಜೆ ಮಂಗೇಶರಾಯರು (1874–1937) ಹಾವನ್ನೂ ಇಲಿಗಳನ್ನೂ ಮಕ್ಕಳ ಗೆಳೆಯರನ್ನಾಗಿಸಿದರು. ಜಿ.ಪಿ. ರಾಜರತ್ನಂ ಅವರ ನಾಯಿಮರಿಯನ್ನು ಅರಿಯದ ಕನ್ನಡ ಮಗುವಿಲ್ಲ. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಹೊರತಂದು, ಕನ್ನಡದ ಮಗುವಿಗೆ ಜಗತ್ತಿನ ಜೀವಿಗಳನ್ನು ತೋರಿಸುವ ಸಾಹಸ ಮಾಡಿದರು. ಇವೆಲ್ಲ ನಡೆಯುತ್ತಿದ್ದಾಗ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಲ್ಲಿದ್ದವು?

ಇವು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು. ಮೇಲಿನ ತರಗತಿಗಳ ಮಾಧ್ಯಮ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಆಧುನಿಕ ವಿದ್ಯೆಯನ್ನು ಒಂದು ಭಾರತೀಯ ಭಾಷೆಯಲ್ಲಿ ಕಲಿಸಿದ ದೊಡ್ಡ ಪ್ರಯೋಗವೇ ಹೌದು. ಆ ಭಾಷೆ ಕನ್ನಡವಾಗಿರಲಿಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು, 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಶಾಲೆಗಳಲ್ಲಿ ಕನ್ನಡ ಬಂತು.

ಇದರ ಒಂದು ಪರಿಣಾಮವನ್ನು ನಮ್ಮ ಇತಿಹಾಸದ ಪುಸ್ತಕಗಳು ಅಷ್ಟಾಗಿ ಗಮನಿಸಿಲ್ಲ. ಉರ್ದುವಿನಲ್ಲಿ ಓದಿ, ಉರ್ದುವಿನಲ್ಲಿ ಲೆಕ್ಕ ಬರೆದು ಬದುಕಿದ ಅಜ್ಜನ ಮಡಿಲಲ್ಲಿ ಕನ್ನಡ ಶಾಲೆಗೆ ಹೋಗುವ ಮೊಮ್ಮಗ ಕೂತ. ಅಜ್ಜ ಅಕ್ಷರಸ್ಥ, ಆದರೆ ಮೊಮ್ಮಗನ ಪುಸ್ತಕದ ಅಕ್ಷರ ಅವನಿಗೆ ಬಾರದು. ಅಜ್ಜಿಗೆ ಯಾವ ಅಕ್ಷರವೂ ಬಾರದು. ಆ ಪುಟದಲ್ಲಿ ಮೂವರೂ ಕೂಡಿ ಓದಬಹುದಾಗಿದ್ದದ್ದು ಚಿತ್ರ ಮಾತ್ರ. ಅಂದಿನ ಪುಸ್ತಕಗಳಲ್ಲಿಯೋ ಚಿತ್ರ ಅಪರೂಪ, ಇದ್ದರೂ ಕಪ್ಪು ಮಸಿಯ ಮಸುಕು. ಹೀಗಾಗಿ ಪುಸ್ತಕ ಶಾಲೆಯ ಸ್ವತ್ತಾಗಿ ಉಳಿಯಿತು, ಕಥೆ ಮನೆಯ ಸ್ವತ್ತಾಗಿ ಉಳಿಯಿತು. ಎರಡಕ್ಕೂ ಒಂದು ತಲೆಮಾರಿನ ಮಟ್ಟಿಗೆ ಭೇಟಿಯೇ ಆಗಲಿಲ್ಲ.

ಈ ನೆಲದವರು ಮಕ್ಕಳಿಗಾಗಿ ಬರೆಯಲಿಲ್ಲವೆಂದು ಇದರ ಅರ್ಥವಲ್ಲ. ಉಸ್ಮಾನಿಯಾದಲ್ಲಿಯೇ ಓದಿ ಹೈದರಾಬಾದ್ ಸರ್ಕಾರದ ಸೇವೆಗೆ ಸೇರಿದ ಸಿದ್ಧಯ್ಯ ಪುರಾಣಿಕರು ಮಕ್ಕಳ ಪದ್ಯಗಳನ್ನು ಬರೆದರು. ‘ತುಪ್ಪಾ ರೊಟ್ಟಿ ಗೆ ಗೆ ಗೆ’ ಎಂಬ ಅವರ ಸಂಕಲನದ ಹೆಸರಿನಲ್ಲೇ ಕುಣಿತವಿದೆ. ಯಾದಗಿರಿ ಜಿಲ್ಲೆಯ ಚಂದ್ರಕಾಂತ ಕರದಳ್ಳಿ ಅವರ ‘ಕಾಡು ಕನಸಿನ ಬೀದಿಗೆ’ 2019ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಪಡೆಯಿತು. ಆದರೆ ಇವು ಓದು ಬಲ್ಲ ಮಕ್ಕಳಿಗೆ. ಓದು ಬಾರದ ವಯಸ್ಸಿನ ಕೈಗೆ ಕೊಡಬೇಕಾದ ದೊಡ್ಡ ಚಿತ್ರ, ಕಡಿಮೆ ಮಾತಿನ ಪುಸ್ತಕ ಮಾಡಲು ದುಡ್ಡು ಬೇಕು, ಬಣ್ಣದ ಅಚ್ಚು ಬೇಕು, ಕೊಳ್ಳುವವರು ಬೇಕು.

ಆ ಕೆಲಸ ನಡೆದದ್ದು ನಿಧಾನವಾಗಿ. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಮುಂದೆ ನೆಹರು ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಚಿತ್ರಗಳಿಗೆ ಬೇರೆ ಬೇರೆ ಭಾಷೆಯ ಮಾತು ಸೇರಿಸಿ ಅಗ್ಗದ ಬೆಲೆಗೆ ಹಂಚಿತು. ಅಮರ ಚಿತ್ರಕಥೆ ಮೊದಲು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನಿಂದ ಎಂಬುದು ಹಲವರಿಗೆ ಗೊತ್ತಿಲ್ಲ. ಆ ಮೊದಲ ಕಂತು ಪಾಶ್ಚಾತ್ಯ ಕಥೆಗಳದ್ದು, ಜಾತಕ ಪಂಚತಂತ್ರಗಳ ಸರದಿ ಆಮೇಲೆ ಬಂತು. 2004ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರಥಮ್ ಬುಕ್ಸ್ 2015ರಲ್ಲಿ ಸ್ಟೋರಿವೀವರ್ ಮೂಲಕ ಚಿತ್ರಕಥೆಗಳನ್ನು ಹಲವು ಭಾಷೆಗಳಲ್ಲಿ ಉಚಿತವಾಗಿ ಒದಗಿಸತೊಡಗಿತು.

‘ಒಂದೇ ಚಿತ್ರ, ಹಲವು ಭಾಷೆ’ ಎಂಬ ಮಾತು ಧಾರವಾಡಕ್ಕೋ ಮಂಡ್ಯಕ್ಕೋ ಅಷ್ಟೇನೂ ಮುಖ್ಯವೆನಿಸಲಿಕ್ಕಿಲ್ಲ. ನಾವು ಹೇಳುತ್ತಿರುವ ಐದು ಊರುಗಳಿಗೆ ಅದು ಅನ್ನದಂಥ ಮಾತು. ಸೇಡಂ, ಚಿಂಚೋಳಿಗಳ ಪೂರ್ವದ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಶಹಾಬಾದ್, ಚಿತ್ತಾಪುರಗಳ ಓಣಿಗಳಲ್ಲಿ ದಖನಿ. ತಾಂಡಾಗಳಲ್ಲಿ ಲಂಬಾಣಿ. ಮುಂಬೈ ಮದ್ರಾಸ್ ದಾರಿಯಿಂದ ಹೈದರಾಬಾದಿಗೆ ಹಳಿ ಕವಲೊಡೆಯುವ ವಾಡಿಯಲ್ಲಿ ರೈಲು, ಸಿಮೆಂಟುಗಳ ಕೆಲಸಕ್ಕೆಂದು ಬಂದವರ ಇನ್ನೂ ಹಲವು ಭಾಷೆಗಳು. ಬೆಕ್ಕಿನ ಚಿತ್ರ ತೋರಿಸಿದರೆ ಒಂದೇ ಚಾಪೆಯ ಮೇಲೆ ಬೆಕ್ಕು, ಬಿಲ್ಲಿ, ಪಿಲ್ಲಿ ಎಂಬ ಮೂರು ಕೂಗು ಏಳುತ್ತವೆ. ಆನೆ ತೋರಿಸಿದರೆ ಆನಿ, ಹಾಥಿ, ಏನುಗು. ಜಾಣ ಕಾರ್ಯಕರ್ತೆಗೆ ಇದು ಗದ್ದಲವಾಗಿ ಕಾಣುವುದಿಲ್ಲ. ಮಕ್ಕಳು ಒಬ್ಬರ ಮಾತನ್ನೊಬ್ಬರು ನಗುತ್ತ ಕಲಿಯುತ್ತಾರೆ, ಚಿತ್ರದ ಕೆಳಗಿನ ಅಚ್ಚಿನ ಹೆಸರು ನಾಲ್ಕನೆಯದಾಗಿ, ಯಾರನ್ನೂ ಓಡಿಸದೆ ಬಂದು ಸೇರಿಕೊಳ್ಳುತ್ತದೆ.

ಇಲ್ಲಿ ಒಂದು ಪ್ರಯೋಗವನ್ನು ಹೇಳಬೇಕು. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ಮೂರು ವರ್ಷದ ಮಕ್ಕಳ ತಂದೆತಾಯಿಯರಿಗೆ ಪುಸ್ತಕ ತೋರಿಸುವ ಒಂದು ವಿಧಾನ ಕಲಿಸಿದರು. ಗಟ್ಟಿಯಾಗಿ ಓದುತ್ತ ಹೋಗುವುದಕ್ಕಿಂತ ಕೇಳಿ: ಇದು ಯಾರು? ಏನು ಮಾಡುತ್ತಿದೆ? ಮಗು ಒಂದು ಮಾತು ಹೇಳಿದರೆ ಅದಕ್ಕೆ ಎರಡು ಸೇರಿಸಿ ಹಿಂದಕ್ಕೆ ಕೊಡಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮುಂದೆ ಹೋಯಿತು. ಇವು ಓದುಬಲ್ಲ ಮಧ್ಯಮವರ್ಗದ ಮನೆಗಳು ಎಂಬುದನ್ನು ಮರೆಯಬಾರದು. ಆದರೂ ನನಗೆ ಇದರಲ್ಲಿ ಮುಖ್ಯವಾಗಿ ಕಂಡದ್ದು ಬೇರೆ: ಈ ವಿಧಾನಕ್ಕೆ ಅಕ್ಷರಜ್ಞಾನ ಬೇಕೇ ಇಲ್ಲ. ತೊಗರಿ ಹೊಲದಿಂದ ಬಂದ ತಾಯಿ ‘ಇದು ಏನವ್ವ?’ ಎಂದು ಕೇಳಬಲ್ಲಳು. ಮಗು ‘ಎಮ್ಮಿ’ ಎಂದರೆ ‘ಹೌದು, ಕರಿ ಎಮ್ಮಿ, ಕೆಸರಾಗ ಕುಂತದ’ ಎನ್ನಬಲ್ಲಳು. ತನಗೆ ಓದು ಬಾರದೆಂದು ಪುಸ್ತಕವನ್ನು ಮುಟ್ಟದೆ ಎತ್ತಿಡುವ ತಾಯಂದಿರಿಗೆ ಇದನ್ನು ಯಾರಾದರೂ ಹೇಳಬೇಕಾಗಿದೆ.

ಇನ್ನು ಮಾತಾಡುವ ಪ್ರಾಣಿಗಳ ಪ್ರಶ್ನೆ. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಗಾನಿಯಾ ಮತ್ತು ಸಂಗಡಿಗರು ಎಳೆಯ ಮಕ್ಕಳಿಗೆ ಗೊತ್ತಿಲ್ಲದ ಪ್ರಾಣಿಗಳ ಪುಸ್ತಕಗಳನ್ನು ಎರಡು ಬಗೆಯಲ್ಲಿ ಓದಿ ತೋರಿಸಿದರು. ಕೆಲವದರಲ್ಲಿ ಪ್ರಾಣಿ ಪ್ರಾಣಿಯಂತೆ ಇತ್ತು, ಕೆಲವದರಲ್ಲಿ ಮನುಷ್ಯರಂತೆ ಮಾತಾಡುತ್ತ ಯೋಚಿಸುತ್ತ ಇತ್ತು. ಎರಡನೆಯ ಬಗೆ ಕೇಳಿದ ಮಕ್ಕಳು ಆ ಪ್ರಾಣಿಗಳ ನಿಜಸಂಗತಿಗಳನ್ನು ಕಡಿಮೆ ಕಲಿತರು, ನಿಜವಾದ ಪ್ರಾಣಿಗೂ ಮನುಷ್ಯರ ಗುಣ ಹಚ್ಚಿದರು. ಇದನ್ನು ಓದಿ ಪಂಚತಂತ್ರವನ್ನು ಅಟ್ಟಕ್ಕೆ ಹಾಕಬೇಕೆಂದು ನನಗೇನೂ ಅನಿಸಿಲ್ಲ. ದುರ್ಗಸಿಂಹನ ನರಿ ಪ್ರಾಣಿಶಾಸ್ತ್ರ ಕಲಿಸಲು ಬಂದದ್ದಲ್ಲ. ಅದು ಆಸ್ಥಾನದ ಚಾಡಿಕೋರ. ಆದರೆ ಒಬ್ಬ ಮಗುವಿನ ಕೈಗೆ ಬಂದ ಪುಸ್ತಕಗಳೆಲ್ಲ ಅಂಥವೇ ಆದರೆ ತೊಂದರೆ ಇದೆ, ಅದರಲ್ಲೂ ಚಿಂಚೋಳಿಯಲ್ಲಿ.

ಚಿಂಚೋಳಿಯ ಸುಮಾರು 135 ಚದರ ಕಿಲೋಮೀಟರ್ ಕಾಡನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ತೋಳ, ಕತ್ತೆಕಿರುಬ, ನರಿಗಳು ಅಲ್ಲಿನ ನಿವಾಸಿಗಳು. ಕಾಡಿನ ಒಳಗೂ ಅಂಚಿನಲ್ಲೂ ತಾಂಡಾಗಳಿವೆ. ಅಲ್ಲಿನ ಮಗುವಿಗೆ ತೋಳವೆಂದರೆ ಅಪ್ಪನ ಕುರಿಹಿಂಡಿನ ಸುತ್ತ ರಾತ್ರಿ ಸುಳಿಯುವ ಜೀವ. ಅದೇ ಮಗುವಿನ ಚಿತ್ರಪುಸ್ತಕದ ತೋಳ ಯೂರೋಪಿನಿಂದ ಅನುವಾದವಾಗಿ ಬಂದದ್ದು: ಹಿಮದಲ್ಲಿ ನಿಂತಿದೆ, ಅಜ್ಜಿಯನ್ನು ನುಂಗುತ್ತದೆ. ಕೆಂಪು ಮೈ, ದಪ್ಪ ಬಾಲದ ಈಸೋಪನ ಪ್ರಾಣಿಯೂ ನಮ್ಮಲ್ಲಿ ‘ನರಿ’, ಪಂಚತಂತ್ರದ ಬೂದು ಪ್ರಾಣಿಯೂ ‘ನರಿ’. ಇವು ಎರಡು ಬೇರೆ ಪ್ರಾಣಿಗಳೆಂದು ಎಷ್ಟು ಜನ ಮೇಷ್ಟ್ರುಗಳು ಹೇಳುತ್ತಾರೆ? ಕತ್ತೆಕಿರುಬಕ್ಕಂತೂ ಚಿತ್ರಪುಸ್ತಕಗಳಲ್ಲಿ ಜಾಗವೇ ದಕ್ಕಿಲ್ಲ, ಹುಲಿ ಸಿಂಹಗಳೇ ಪುಟ ತುಂಬಿಕೊಂಡಿವೆ. ತನ್ನ ಊರಿನ ಪ್ರಾಣಿಯನ್ನು ತನ್ನ ಪುಸ್ತಕದಲ್ಲಿ ಕಾಣದ ಮಗುವಿಗೆ ಪುಸ್ತಕ ಬೇರೆ ಯಾರದೋ ಎನಿಸಿದರೆ ಆಶ್ಚರ್ಯವಿಲ್ಲ. ಕುರಿ ಕಳೆದುಕೊಂಡವರ ಸಿಟ್ಟು ನಿಜವಾದದ್ದು; ಆದರೆ ಈ ಮಕ್ಕಳೇ ನಾಳೆ ಆ ಕಾಡಿನ ಪಕ್ಕ ಬದುಕುವವರು, ಅವರಿಗೆ ತೋಳದ ಬಗ್ಗೆ ಗೊತ್ತಿರುವುದು ಬರೀ ಅಜ್ಜಿಯನ್ನು ನುಂಗಿದ ಸುದ್ದಿಯಾಗಬಾರದು.

ಸರ್ಕಾರದ ಕಡೆಯಿಂದ ಏನೂ ಆಗಿಲ್ಲವೆನ್ನುವುದು ಅನ್ಯಾಯ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊಳೆತು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ ಕಲಿ’ ಪದ್ಧತಿಯಲ್ಲಿ, ಓದು ಬಾರದ ಮಗು ತನ್ನ ಕಾರ್ಡನ್ನು ಚಿತ್ರದ ಗುರುತು ನೋಡಿ ತಾನೇ ಹುಡುಕಿಕೊಳ್ಳುತ್ತದೆ. 2020ರ ಮಕ್ಕಳ ದಿನಾಚರಣೆಯಂದು ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು; ಮುದುಕರು ಪತ್ರಿಕೆ ಓದುತ್ತಿದ್ದ ಬೆಂಚಿನ ಮೇಲೆ ಮಕ್ಕಳು ಬಂದು ಕೂತರು. ಆದರೆ ಆ ಸದಸ್ಯತ್ವ ಆರು ವರ್ಷ ದಾಟಿದವರಿಗೆ. ಅದಕ್ಕೂ ಕೆಳಗಿನವರು ಅಂಗನವಾಡಿಯ ಪಾಲು. ಅಲ್ಲಿ ಗೋಡೆಯ ಮೇಲೆ ಬಣ್ಣದ ಆನೆ ಜಿಂಕೆಗಳಿರುತ್ತವೆ, ನಿಜ. ಗೋಡೆಯನ್ನು ಮನೆಗೆ ಒಯ್ಯಲಾಗದು. ಪುಸ್ತಕ ಬಂದಿದ್ದರೂ ಹರಿದುಹೋದೀತೆಂಬ ಭಯದಿಂದ ಅಲಮಾರಿಯೊಳಗೆ ಬೀಗದಲ್ಲಿರುವುದನ್ನು ನಾನೇ ಒಂದೆರಡು ಕಡೆ ಕಂಡಿದ್ದೇನೆ. ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕಾದವರ ಕಷ್ಟ ಅವರಿಗೇ ಗೊತ್ತು. ಎರಡು ವರ್ಷದ ಮಗು ಪುಸ್ತಕ ಹರಿಯುತ್ತದೆ, ನೆಕ್ಕುತ್ತದೆ. ಹರಿದ ಪುಸ್ತಕವನ್ನು ನಷ್ಟದ ಖಾತೆಗೆ ಬರೆಯದೆ ಬಳಕೆಯ ಖಾತೆಗೆ ಬರೆಯುವ ಒಂದು ಸುತ್ತೋಲೆ ಹೊರಟರೆ ಎಷ್ಟೋ ಬೀಗಗಳು ತೆರೆದಾವು.

ಅಲ್ಲಿಯ ತನಕ ಮಕ್ಕಳು ಸುಮ್ಮನೆ ಕೂತಿರುವುದಿಲ್ಲ. ಈ ಸೀಮೆಯ ಅಂಗನವಾಡಿಗಳ, ಮನೆಗಳ ನೆಲಕ್ಕೆ ಹಾಸಿರುವುದು ಶಹಾಬಾದಿನ ಫರ್ಸಿ. ಕನಗನಹಳ್ಳಿಯ ಶಿಲ್ಪಿಗಳು ಜಾತಕಗಳನ್ನು ಕೆತ್ತಿದ್ದು ಕೂಡ ಸುಣ್ಣಕಲ್ಲಿನ ಮೇಲೆಯೇ. ಮಧ್ಯಾಹ್ನದ ಊಟವಾದ ಮೇಲೆ ಒಂದು ತುಂಡು ಸೀಮೆಸುಣ್ಣ ಸಿಕ್ಕರೆ ಆ ನೀಲಿ ಬೂದಿ ಕಲ್ಲಿನ ಮೇಲೆ ನಾಲ್ಕು ಕಾಲು, ಒಂದು ಬಾಲ, ಎರಡು ಉದ್ದ ಕಿವಿ ಮೂಡುತ್ತವೆ. ಏನದು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಕತ್ತಿ.’